ಕಲ್ಲು ಮಾರಾಟವಾಯಿತು, ಮಣ್ಣು ಉಳಿಯಿತು

ಇಂಗ್ಲೆಂಡಿನ ನಾರ್ತಾಂಪ್ಟನ್‌ಶೈರ್ ಪ್ರಾಂತದಲ್ಲಿ, ನೀನ್ ನದಿಯ ದಂಡೆಯ ಮೇಲೆ ಫಾದರಿಂಗ್‌ಹೇ ಎಂಬ ಪುಟ್ಟ ಹಳ್ಳಿಯಿದೆ. ನೂರು ಚಿಲ್ಲರೆ ಜನಸಂಖ್ಯೆ. ಕಲ್ಲಿನ ಮನೆಗಳ ಒಂದು ಬೀದಿ, ನದಿಗೊಂದು ಸೇತುವೆ, ಊರಿನ ಗಾತ್ರಕ್ಕೆ ಯಾವ ರೀತಿಯಲ್ಲೂ ಹೊಂದದಷ್ಟು ಎತ್ತರವಾದ ಒಂದು ಚರ್ಚು. ಊರಂಚಿಗೆ ಬಂದರೆ ಹುಲ್ಲು ಬೆಳೆದ ದೊಡ್ಡದೊಂದು ಮಣ್ಣಿನ ದಿಬ್ಬ ಕಾಣುತ್ತದೆ. ಅದರ ಸುತ್ತ ಅರ್ಧ ಮುಚ್ಚಿಹೋದ ಕಂದಕ. ನದಿಯ ಕಡೆಗೆ ಕಬ್ಬಿಣದ ಸರಳುಗಳ ಆವರಣದೊಳಗೆ ಕಲ್ಲುಗಾರೆಯ ಒಂದು ಮುದ್ದೆ. ಅಷ್ಟೇ. ವಿಷಯ ಗೊತ್ತಿಲ್ಲದವರು, ಯಾವುದೋ ಕಾಲದಲ್ಲಿ ಕೆರೆಯ ಹೂಳೆತ್ತಿ ರಾಶಿ ಹಾಕಿದ್ದಾರೆ ಎಂದುಕೊಂಡು ಮುಂದೆ ಹೋದರೂ ಆಶ್ಚರ್ಯವಿಲ್ಲ.

ಆದರೆ ಇದೇ ಜಾಗದಲ್ಲಿ 1452ರಲ್ಲಿ ಇಂಗ್ಲೆಂಡಿನ ಒಬ್ಬ ದೊರೆ ಹುಟ್ಟಿದ. 1587ರಲ್ಲಿ ಸ್ಕಾಟ್ಲೆಂಡಿನ ರಾಣಿಯೊಬ್ಬಳ ತಲೆ ಉರುಳಿದ್ದೂ ಇಲ್ಲೇ. ಐದು ಶತಮಾನಗಳ ಕಾಲ ಅರಸುಮನೆತನಗಳ ಕೈಯಿಂದ ಕೈಗೆ ದಾಟಿದ ಕೋಟೆ ಇದು. ಹಾಗಾದರೆ ಆ ಕೋಟೆ ಏನಾಯಿತು? 'ಕೊಲೆಯಾದ ರಾಣಿಯ ಮಗ ಮುಂದೆ ಇಂಗ್ಲೆಂಡಿನ ದೊರೆಯಾದ, ತಾಯಿಯ ರಕ್ತ ಬಿದ್ದ ಕೋಟೆಯನ್ನು ನೆಲಸಮ ಮಾಡಿಸಿ ಸೇಡು ತೀರಿಸಿಕೊಂಡ' ಎಂಬುದು ಬಹುಕಾಲದಿಂದ ಜನರ ಬಾಯಲ್ಲಿರುವ ಉತ್ತರ. ಕೇಳಲು ಚೆನ್ನಾಗಿರುವ ಈ ಕಥೆ ಎಷ್ಟರಮಟ್ಟಿಗೆ ನಿಜ ಎಂದು ತಿಳಿಯಬೇಕಾದರೆ ದಿಬ್ಬದ ಬುಡದಿಂದಲೇ ಶುರುಮಾಡಬೇಕು.

ಮೊದಲು ಮಣ್ಣು, ಆಮೇಲೆ ಕಲ್ಲು

ಕೋಟೆ ಎಂದಕೂಡಲೇ ಕಣ್ಣಮುಂದೆ ಬರುವುದು ಕಲ್ಲಿನ ಗೋಡೆ, ಬುರುಜು, ಹೆಬ್ಬಾಗಿಲು. ಇಂಗ್ಲೆಂಡಿನ ಮೊದಲ ಕೋಟೆಗಳಲ್ಲಿ ಬಹುಪಾಲು ಹಾಗಿರಲಿಲ್ಲ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದ ವಿಲಿಯಂ ಇಂಗ್ಲೆಂಡನ್ನು ಗೆದ್ದಾಗ ಅವನ ಜೊತೆಗಿದ್ದ ಸೈನ್ಯ ಸಣ್ಣದು, ಆಳಬೇಕಾದ ನಾಡು ದೊಡ್ಡದು, ಸುತ್ತಲಿನ ಜನ ವೈರಿಗಳು. ಕಲ್ಲಿನ ಕೋಟೆ ಕಟ್ಟಲು ವರ್ಷಗಟ್ಟಲೆ ಬೇಕು, ನುರಿತ ಕಲ್ಲುಕುಟಿಗರು ಬೇಕು. ಮಣ್ಣಿನ ಕೋಟೆಗೆ ಗುದ್ದಲಿ, ಬುಟ್ಟಿ ಮತ್ತು ಬಿಟ್ಟಿ ದುಡಿಯುವ ಹಳ್ಳಿಗರು ಸಾಕು.

ಕಟ್ಟುವ ವಿಧಾನ ಸರಳ. ವೃತ್ತಾಕಾರದಲ್ಲಿ ಆಳವಾದ ಕಂದಕ ತೋಡುವುದು, ತೋಡಿದ ಮಣ್ಣನ್ನು ನಡುವೆ ಪದರ ಪದರವಾಗಿ ಹಾಕಿ ಗಟ್ಟಿಮಾಡುತ್ತ ಗುಡ್ಡದಂತೆ ಏರಿಸುವುದು. ಒಂದೇ ಕೆಲಸದಿಂದ ಕಂದಕವೂ ಆಯಿತು, ದಿಬ್ಬವೂ ಆಯಿತು. ದಿಬ್ಬದ ನೆತ್ತಿಯ ಮೇಲೆ ಮರದ ದಿಮ್ಮಿಗಳ ಬೇಲಿ, ಅದರೊಳಗೆ ಮರದ ಗೋಪುರ. ಈ ದಿಬ್ಬಕ್ಕೆ 'ಮಾಟ್' ಎಂದು ಹೆಸರು. ಅದರ ಬುಡಕ್ಕೆ ಹೊಂದಿಕೊಂಡು ಇನ್ನೊಂದು ಕಂದಕದಿಂದ ಸುತ್ತುವರಿದ ಅಂಗಳ. ಅಲ್ಲಿ ಸಭಾಂಗಣ, ಅಡುಗೆಮನೆ, ಕುದುರೆ ಲಾಯ, ಉಗ್ರಾಣಗಳು. ಈ ಅಂಗಳದ ಹೆಸರು 'ಬೇಲಿ'. ನಮ್ಮ ಬೇಲಿಗೂ ಈ ಶಬ್ದಕ್ಕೂ ನಂಟಿಲ್ಲ, ಕೆಲಸ ಮಾತ್ರ ಹೆಚ್ಚುಕಡಿಮೆ ಒಂದೇ. ಶತ್ರುಗಳು ಅಂಗಳವನ್ನು ಹಿಡಿದರೆ ಒಳಗಿನವರು ದಿಬ್ಬವೇರಿ ಗೋಪುರ ಸೇರಿಕೊಂಡು ಹೋರಾಡಬಹುದಿತ್ತು. ವಿಲಿಯಂನ ವಿಜಯವನ್ನು ಕಸೂತಿಯಲ್ಲಿ ಚಿತ್ರಿಸಿರುವ ಪ್ರಸಿದ್ಧ ಬಾಯೋ ಬಟ್ಟೆಯಲ್ಲಿ ಹೇಸ್ಟಿಂಗ್ಸ್ ಊರಿನಲ್ಲಿ ಇಂಥದೇ ದಿಬ್ಬಕ್ಕೆ ಜನ ಮಣ್ಣು ಹಾಕುತ್ತಿರುವ ದೃಶ್ಯವಿದೆ. ಮುಂದಿನ ನೂರು ವರ್ಷಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಇಂಥ ನೂರಾರು ದಿಬ್ಬಗಳು ಎದ್ದವು.

ಫಾದರಿಂಗ್‌ಹೇಯ ದಿಬ್ಬ ಎದ್ದದ್ದು ಸುಮಾರು 1100ರಲ್ಲಿ. ಕಟ್ಟಿಸಿದವನು ನಾರ್ತಾಂಪ್ಟನ್ನಿನ ಅರ್ಲ್ ಪದವಿಯಲ್ಲಿದ್ದ ಸೈಮನ್ ಡಿ ಸೆನ್ಲಿಸ್. ನೀನ್ ನದಿಯನ್ನು ದಾಟುವ ಜಾಗದ ಮೇಲೆ ಕಣ್ಣಿಡಲು ಇದು ಒಳ್ಳೆಯ ನೆಲೆ. ಮರದ ಗೋಪುರ ಬೆಂಕಿಗೂ ಮಳೆಗೂ ಬಹುಕಾಲ ತಾಳುವುದಿಲ್ಲ. ಹಾಗಾಗಿ ಕಾಲಕ್ರಮದಲ್ಲಿ ಇಲ್ಲಿಯೂ ಮರದ ಜಾಗಕ್ಕೆ ಕಲ್ಲು ಬಂತು. ಹದಿನಾಲ್ಕನೆಯ ಶತಮಾನದ ಹೊತ್ತಿಗೆ ಕಲ್ಲಿನ ಗೋಪುರ, ಪ್ರಾರ್ಥನಾ ಮಂದಿರಗಳು, ದೊಡ್ಡ ಸಭಾಂಗಣ ಎಲ್ಲವೂ ಇದ್ದ ಭದ್ರ ಕೋಟೆಯಾಗಿತ್ತು ಇದು.

ಸ್ಕಾಟ್ ಅರಸರ ಸೊತ್ತು

ಸೈಮನ್ನನ ಹೆಂಡತಿ ಮಾಡ್, ಇಂಗ್ಲಿಷ್ ಕುಲೀನ ವಾಲ್ಥಿಯೋಫ್‌ನ ಮಗಳು. ಈ ವಾಲ್ಥಿಯೋಫ್‌ನನ್ನು ವಿಲಿಯಂ ದೊರೆ 1076ರಲ್ಲಿ ಕೊಲ್ಲಿಸಿದ್ದ. ಸೈಮನ್ ತೀರಿಕೊಂಡ ಮೇಲೆ ಮಾಡ್ ಮರುಮದುವೆಯಾದಳು. ಎರಡನೆಯ ಗಂಡ ಸ್ಕಾಟ್ಲೆಂಡಿನ ರಾಜಕುಮಾರ ಡೇವಿಡ್. ಅವನು 1124ರಲ್ಲಿ ಸ್ಕಾಟ್ಲೆಂಡಿನ ಪಟ್ಟವೇರಿದ. ಹೀಗೆ ಇಂಗ್ಲೆಂಡಿನ ಹೃದಯಭಾಗದಲ್ಲಿದ್ದ ಕೋಟೆಯೊಂದು ಹೆಣ್ಣಿನ ಕಡೆಯಿಂದ ಸ್ಕಾಟ್ ಅರಸುಮನೆತನದ ಪಾಲಿಗೆ ಬಂತು.

ಆ ಕಾಲದಲ್ಲಿ ಇದು ವಿಚಿತ್ರವೇನಲ್ಲ. ಒಬ್ಬನೇ ಮನುಷ್ಯ ಒಂದು ನಾಡಿಗೆ ದೊರೆಯಾಗಿದ್ದು, ಪಕ್ಕದ ನಾಡಿನಲ್ಲಿ ಅಲ್ಲಿನ ದೊರೆಗೆ ನಡೆದುಕೊಳ್ಳುವ ಜಹಗೀರುದಾರನೂ ಆಗಿರಬಹುದಿತ್ತು. ಡೇವಿಡ್ ದೊರೆಯ ಮೊಮ್ಮಗ, ಹಂಟಿಂಗ್ಡನ್ನಿನ ಅರ್ಲ್ ಆಗಿದ್ದ ಇನ್ನೊಬ್ಬ ಡೇವಿಡ್ 1219ರವರೆಗೆ ಬದುಕಿದ್ದು, ಈ ಕೋಟೆಯ ಒಡೆಯನಾಗಿದ್ದ. ಇಂಗ್ಲೆಂಡಿನ ಜಾನ್ ದೊರೆಗೆ ಅವನ ನಿಷ್ಠೆಯ ಬಗ್ಗೆ ಅನುಮಾನ ಬಂದಾಗ ಮೊದಲು ಕೇಳಿದ್ದು ಈ ಕೋಟೆಯನ್ನೇ. 1221ರಲ್ಲಿ ದಂಗೆಯೆದ್ದ ವಿಲಿಯಂ ಡಿ ಫೋರ್ಜ್ ಎಂಬ ಸರದಾರ ಇದನ್ನು ಹಠಾತ್ತನೆ ಹಿಡಿದು ಸುತ್ತಲಿನ ಸೀಮೆಯನ್ನು ದೋಚಿದ್ದೂ ಉಂಟು.

ಹಂಟಿಂಗ್ಡನ್ನಿನ ಈ ಡೇವಿಡ್‌ನ ಹೆಸರನ್ನು ನೆನಪಿಟ್ಟುಕೊಳ್ಳಬೇಕು. ಅವನ ಹೆಣ್ಣುಮಕ್ಕಳ ಸಂತತಿಯಲ್ಲೇ ಮುಂದೆ ಸ್ಕಾಟ್ಲೆಂಡಿನ ವೀರ ದೊರೆ ರಾಬರ್ಟ್ ಬ್ರೂಸ್ ಬಂದ. ಬ್ರೂಸನ ಸಂತತಿಯಲ್ಲಿ ಬಂದವಳು ಮೇರಿ. ಯಾವ ಕೋಟೆಯಲ್ಲಿ ಅವಳ ತಲೆ ಕಡಿದರೋ ಅದು ಒಂದು ಕಾಲಕ್ಕೆ ಅವಳ ಪೂರ್ವಿಕರದೇ ಆಸ್ತಿ.

ಯಾರ್ಕ್ ಮನೆತನದ ಏಳುಬೀಳು

1377ರಲ್ಲಿ ಕೋಟೆ ಮೂರನೆಯ ಎಡ್ವರ್ಡ್ ದೊರೆಯ ಮಗ ಎಡ್ಮಂಡ್‌ನ ಕೈಸೇರಿತು. ಅವನೇ ಯಾರ್ಕ್ ಮನೆತನದ ಮೂಲಪುರುಷ. ದಿಬ್ಬದ ಮೇಲಿನ ಗೋಪುರವನ್ನು ಅವನು ಹೊಸದಾಗಿ ಕಟ್ಟಿಸಿದ. ಕುದುರೆಯ ಕಾಲಿಗೆ ಹಾಕುವ ಬೀಗದ ಆಕಾರದಲ್ಲಿ ಅದರ ತಳವಿನ್ಯಾಸವಿತ್ತು ಎನ್ನುತ್ತಾರೆ. ಆ ಬೀಗವೂ ಗಿಡುಗವೂ ಯಾರ್ಕ್ ಮನೆತನದ ಲಾಂಛನ.

ಎಡ್ಮಂಡ್‌ನ ಮಗ ಎಡ್ವರ್ಡ್ 1411ರಲ್ಲಿ ಇಲ್ಲಿ ಪಾದ್ರಿಗಳ ಮಠವೊಂದನ್ನು ಸ್ಥಾಪಿಸಿದ. ನಾಲ್ಕು ವರ್ಷಗಳ ನಂತರ ಫ್ರಾನ್ಸಿನ ಅಜಿನ್‌ಕೋರ್ಟ್ ಯುದ್ಧದಲ್ಲಿ ಸತ್ತ. ಅವನ ಶವವನ್ನು ತಂದು ಹೂಳಿದ್ದು ಇದೇ ಊರಿನಲ್ಲಿ. ಊರಿಗೆ ದೊಡ್ಡದೆನಿಸುವ ಈಗಿನ ಚರ್ಚಿನ ಹಿನ್ನೆಲೆ ಇದು. ಚರ್ಚಿನ ಮುಂಭಾಗ ಮತ್ತು ಗೋಪುರ ಕಟ್ಟಲು 1434ರಲ್ಲಿ ಮಾಡಿಕೊಂಡ ಕರಾರುಪತ್ರದ ಒಕ್ಕಣೆ ಉಳಿದುಬಂದಿದೆ. ಗುತ್ತಿಗೆ ಹಿಡಿದವನು ಅದೇ ಊರಿನ ಶಿಲ್ಪಿ ವಿಲಿಯಂ ಹಾರ್ವುಡ್, ಗುತ್ತಿಗೆಯ ಮೊತ್ತ 300 ಪೌಂಡು. ಹೇಳಿದ ಗಡುವಿನೊಳಗೆ ಕೆಲಸ ಮುಗಿಸದಿದ್ದರೆ ಅವನು ಸೆರೆಮನೆಗೆ ಹೋಗಬೇಕು ಎಂಬ ಷರತ್ತೂ ಅದರಲ್ಲಿದೆ. ಇಂದಿನ ಗುತ್ತಿಗೆದಾರರು ಸುಲಭಕ್ಕೆ ಒಪ್ಪುವ ಕರಾರಲ್ಲ.

1452ರ ಅಕ್ಟೋಬರ್ 2ರಂದು ಈ ಕೋಟೆಯಲ್ಲಿ ಯಾರ್ಕಿನ ಡ್ಯೂಕ್ ರಿಚರ್ಡ್ ಮತ್ತು ಅವನ ಹೆಂಡತಿ ಸಿಸಿಲಿಗೆ ಗಂಡುಮಗು ಹುಟ್ಟಿತು. ಮುಂದೆ ಮೂರನೆಯ ರಿಚರ್ಡ್ ಎಂದು ಪಟ್ಟಕ್ಕೆ ಬಂದವನು ಇವನೇ. ಷೇಕ್ಸ್‌ಪಿಯರನ ನಾಟಕದಲ್ಲಿ ಗೂನುಬೆನ್ನಿನ ಖಳನಾಗಿ ಲೋಕಪ್ರಸಿದ್ಧನಾದ ದೊರೆ. ತಂದೆ ರಿಚರ್ಡ್ ಸಿಂಹಾಸನದ ಹಕ್ಕಿಗಾಗಿ ಹೋರಾಡಿ 1460ರ ಡಿಸೆಂಬರಿನಲ್ಲಿ ವೇಕ್‌ಫೀಲ್ಡ್ ಕದನದಲ್ಲಿ ಸತ್ತ. ಜೊತೆಗೆ ಹದಿನೇಳು ವರ್ಷದ ಮಗ ಎಡ್ಮಂಡ್ ಕೂಡ. ಶತ್ರುಗಳು ಡ್ಯೂಕನ ತಲೆಗೆ ಕಾಗದದ ಕಿರೀಟ ತೊಡಿಸಿ ಯಾರ್ಕ್ ನಗರದ ಬಾಗಿಲ ಮೇಲೆ ನೆಟ್ಟರು.

ಹಿರಿಯ ಮಗ ನಾಲ್ಕನೆಯ ಎಡ್ವರ್ಡ್ ಆಗಿ ಸಿಂಹಾಸನ ಗೆದ್ದ ಮೇಲೆ ಆ ಅವಮಾನವನ್ನು ತೊಳೆಯಲು ಮುಂದಾದ. 1476ರ ಜುಲೈಯಲ್ಲಿ ತಂದೆ, ತಮ್ಮಂದಿರ ಅವಶೇಷಗಳನ್ನು ಪಾಂಟಿಫ್ರಾಕ್ಟ್‌ನಿಂದ ಹೊರಗೆ ತೆಗೆಸಿ, ದಿನಗಟ್ಟಲೆ ಮೆರವಣಿಗೆಯಲ್ಲಿ ಫಾದರಿಂಗ್‌ಹೇಗೆ ತರಿಸಿ ಮರುಸಂಸ್ಕಾರ ಮಾಡಿಸಿದ. ಸಾವಿರಾರು ಜನ ಬಂದಿದ್ದರು. ಬಂದವರಿಗೆಲ್ಲ ಊಟ, ಬಡವರಿಗೆ ದಾನ. ಈ ಪುಟ್ಟ ಊರು ಅಷ್ಟು ದೊಡ್ಡ ಜನಸಂದಣಿಯನ್ನು ಮತ್ತೆಂದೂ ಕಂಡಿರಲಾರದು.

ಒಂಬತ್ತು ವರ್ಷಗಳಲ್ಲಿ ಎಲ್ಲ ತಲೆಕೆಳಗಾಯಿತು. 1485ರಲ್ಲಿ ಬಾಸ್ವರ್ತ್ ಕದನದಲ್ಲಿ ಮೂರನೆಯ ರಿಚರ್ಡ್ ಮಡಿದ, ಟ್ಯೂಡರ್ ಮನೆತನ ಪಟ್ಟಕ್ಕೆ ಬಂತು. ರಿಚರ್ಡನ ಅಸ್ಥಿಪಂಜರ 2012ರಲ್ಲಿ ಲೆಸ್ಟರ್ ನಗರದ ಕಾರು ನಿಲ್ದಾಣವೊಂದರ ಕೆಳಗೆ ಸಿಕ್ಕಿತು. ಗುರುತು ಹಿಡಿಯಲು ನೆರವಾದದ್ದು ತಾಯಿಯಿಂದ ಮಕ್ಕಳಿಗೆ ಇಳಿಯುವ ಡಿಎನ್‌ಎ. ಅದನ್ನು ಹೋಲಿಸಿ ನೋಡಿದ್ದು ಅವನ ಅಕ್ಕ ಆನ್‌ಳ ವಂಶಸ್ಥರ ಜೊತೆ. ಆ ಅಕ್ಕ ಹುಟ್ಟಿದ್ದೂ ಫಾದರಿಂಗ್‌ಹೇಯಲ್ಲೇ, 1439ರಲ್ಲಿ. 2015ರಲ್ಲಿ ರಿಚರ್ಡನ ಮೂಳೆಗಳನ್ನು ಲೆಸ್ಟರಿನ ಪ್ರಧಾನ ಚರ್ಚಿನಲ್ಲಿ ಹೂಳಲಾಯಿತು.

ಪೀಪಾಯಿಯೊಳಗಿನ ಪತ್ರಗಳು

ಟ್ಯೂಡರ್ ಅರಸರಿಗೆ ಈ ಕೋಟೆಯ ಮೇಲೆ ಮಮತೆ ಇರಲಿಲ್ಲ. ಎಂಟನೆಯ ಹೆನ್ರಿ ಇದನ್ನು ಮೊದಲ ಹೆಂಡತಿ ಆರಗಾನಿನ ಕ್ಯಾಥರೀನಳಿಗೆ ಕೊಟ್ಟಿದ್ದ. ಅವಳು ದುರಸ್ತಿಗೆಂದು ಸಾಕಷ್ಟು ಹಣ ಖರ್ಚು ಮಾಡಿದ್ದಳು. ಹೆನ್ರಿಯ ಮಗನ ಕಾಲದಲ್ಲಿ ಮಠ ಮುಚ್ಚಿತು, ಚರ್ಚಿನ ಅರ್ಧಭಾಗ ಪಾಳುಬಿತ್ತು. ಯಾರ್ಕ್ ಡ್ಯೂಕರ ಗೋರಿಗಳು ಬಯಲಿಗೆ ಬಿದ್ದದ್ದನ್ನು ಕಂಡ ಒಂದನೆಯ ಎಲಿಜಬೆತ್ ರಾಣಿ, ಉಳಿದ ಭಾಗದಲ್ಲಿ ಹೊಸ ಗೋರಿಗಳನ್ನು ಕಟ್ಟಿಸಿದಳು. ಅವು ಈಗಲೂ ಇವೆ. ಕೋಟೆ ಮಾತ್ರ ಸೆರೆಮನೆಯಾಗಿ ಉಳಿಯಿತು.

ಮೇರಿ ಹುಟ್ಟಿದ ಆರು ದಿನಕ್ಕೇ ಸ್ಕಾಟ್ಲೆಂಡಿನ ರಾಣಿಯಾದವಳು. 1567ರಲ್ಲಿ ಅಲ್ಲಿನ ಸರದಾರರು ಅವಳನ್ನು ಪಟ್ಟದಿಂದಿಳಿಸಿ, ಒಂದು ವರ್ಷದ ಮಗ ಜೇಮ್ಸ್‌ಗೆ ಪಟ್ಟ ಕಟ್ಟಿದರು. ಮರುವರ್ಷ ಅವಳು ಆಶ್ರಯ ಬೇಡಿ ಇಂಗ್ಲೆಂಡಿಗೆ ಓಡಿಬಂದಳು. ಎಲಿಜಬೆತ್‌ಗೆ ಮೇರಿ ಸೋದರತ್ತೆಯ ಮೊಮ್ಮಗಳು. ಇಬ್ಬರೂ ನಾಲ್ಕನೆಯ ಎಡ್ವರ್ಡ್‌ನ ಮಗಳ ಸಂತತಿ, ಅಂದರೆ ಫಾದರಿಂಗ್‌ಹೇಯ ಯಾರ್ಕ್ ಮನೆತನದ ಕುಡಿಗಳು. ನಂಟಿನ ಜೊತೆಗೆ ಭಯವೂ ಇತ್ತು. ಎಲಿಜಬೆತ್ ಪ್ರಾಟೆಸ್ಟೆಂಟ್, ಮಕ್ಕಳಿಲ್ಲ. ಮೇರಿ ಕ್ಯಾಥೊಲಿಕ್. ಎಲಿಜಬೆತ್ ಸತ್ತರೆ ಪಟ್ಟ ಮೇರಿಯದು ಎಂದು ನಂಬಿದವರು ಇಂಗ್ಲೆಂಡಿನ ಒಳಗೂ ಹೊರಗೂ ಇದ್ದರು. ಹೀಗಾಗಿ ಆಶ್ರಯ ಕೇಳಿಬಂದವಳು ಹತ್ತೊಂಬತ್ತು ವರ್ಷ ಸೆರೆಯಾದಳು.

1586ರಲ್ಲಿ ಆಂಟನಿ ಬ್ಯಾಬಿಂಗ್ಟನ್ ಎಂಬ ತರುಣ ಮತ್ತವನ ಗೆಳೆಯರು ಎಲಿಜಬೆತ್‌ಳನ್ನು ಕೊಂದು ಮೇರಿಯನ್ನು ಬಿಡಿಸುವ ಸಂಚು ಹೂಡಿದರು. ಮೇರಿಗೆ ಗುಪ್ತಲಿಪಿಯ ಪತ್ರಗಳು ಬಿಯರ್ ಪೀಪಾಯಿಯಲ್ಲಿ ಅಡಗಿ ಬರುತ್ತಿದ್ದವು, ಉತ್ತರಗಳು ಅದೇ ದಾರಿಯಲ್ಲಿ ಹೋಗುತ್ತಿದ್ದವು. ದಾರಿ ಗುಟ್ಟಿನದು ಎಂದು ಅವಳು ನಂಬಿದ್ದಳು. ನಿಜಕ್ಕೂ ಅದು ಎಲಿಜಬೆತ್‌ಳ ಮಂತ್ರಿ, ಬೇಹುಗಾರರ ಮುಖ್ಯಸ್ಥ ವಾಲ್ಸಿಂಗಮ್ ಒಡ್ಡಿದ ಬಲೆ. ಪ್ರತಿಯೊಂದು ಪತ್ರವನ್ನೂ ಅವನ ಲಿಪಿತಜ್ಞ ಥಾಮಸ್ ಫಿಲಿಪ್ಸ್ ಬಿಡಿಸಿ ಓದುತ್ತಿದ್ದ. ಸಂಚಿಗೆ ಒಪ್ಪಿಗೆ ಸೂಚಿಸುವ ಮೇರಿಯ ಪತ್ರ ಕೈಗೆ ಬಿದ್ದ ದಿನ ಫಿಲಿಪ್ಸ್ ಅದರ ಮೇಲೆ ನೇಣುಗಂಬದ ಚಿತ್ರ ಬರೆದನಂತೆ. ಮೇರಿ ಗುಪ್ತಲಿಪಿಯಲ್ಲಿ ಎಷ್ಟು ನುರಿತವಳಾಗಿದ್ದಳೆಂದರೆ, 1578ರಿಂದ 1584ರ ನಡುವೆ ಅವಳು ಬರೆದ ಐವತ್ತಕ್ಕೂ ಹೆಚ್ಚು ಪತ್ರಗಳು ಪ್ಯಾರಿಸ್ಸಿನ ಗ್ರಂಥಾಲಯದಲ್ಲಿ ಯಾರದೆಂದು ತಿಳಿಯದೆ ಬಿದ್ದಿದ್ದು, ಅವನ್ನು ಬಿಡಿಸಿ ಓದಿದ ಸಂಗತಿ ಹೊರಬಂದದ್ದು 2023ರಲ್ಲಿ.

1586ರ ಸೆಪ್ಟೆಂಬರ್ ಕೊನೆಯಲ್ಲಿ ಮೇರಿಯನ್ನು ಫಾದರಿಂಗ್‌ಹೇಗೆ ತಂದರು. ಲಂಡನ್ನಿಗೆ ಅತಿ ಹತ್ತಿರವೂ ಅಲ್ಲ, ಸ್ಕಾಟ್ಲೆಂಡಿನ ಗಡಿಗೆ ಹತ್ತಿರವೂ ಅಲ್ಲ. ಹೊರಗೆ ಎರಡು ಸುತ್ತಿನ ಕಂದಕ. ಅಕ್ಟೋಬರ್ 14 ಮತ್ತು 15ರಂದು ವಿಚಾರಣೆ ನಡೆಯಿತು. ಅವಳ ಪರವಾಗಿ ವಾದಿಸಲು ವಕೀಲರಿರಲಿಲ್ಲ. ತೀರ್ಪಿನ ಬಗ್ಗೆ ಯಾರಿಗೂ ಸಂಶಯವೂ ಇರಲಿಲ್ಲ. ಆದರೆ ಪಟ್ಟಾಭಿಷಿಕ್ತ ರಾಣಿಯೊಬ್ಬಳು ಇನ್ನೊಬ್ಬ ರಾಣಿಯ ತಲೆ ತೆಗೆಸುವುದೆಂದರೆ ಸಣ್ಣ ಮಾತಲ್ಲ. ಎಲಿಜಬೆತ್ ತಿಂಗಳುಗಟ್ಟಲೆ ಹಿಂದೆಮುಂದೆ ನೋಡಿದಳು. ಮೇರಿಯನ್ನು ಗುಟ್ಟಾಗಿ ಮುಗಿಸಿಬಿಡಬಾರದೇ ಎಂಬ ಸೂಚನೆ ಕಾವಲಿನ ಮುಖ್ಯಸ್ಥ ಏಮಿಯಸ್ ಪಾಲೆಟ್‌ಗೆ ಹೋಯಿತು. ಕಟ್ಟುನಿಟ್ಟಿನ ಮನುಷ್ಯನೂ ಮೇರಿಗೆ ಬದ್ಧವೈರಿಯೂ ಆಗಿದ್ದ ಪಾಲೆಟ್, ಕಾನೂನಿನ ಆಜ್ಞೆಯಿಲ್ಲದೆ ರಕ್ತ ಹರಿಸಲಾರೆ ಎಂದು ನಿರಾಕರಿಸಿದ.

1587ರ ಫೆಬ್ರುವರಿ 8ರ ಬೆಳಿಗ್ಗೆ ಕೋಟೆಯ ದೊಡ್ಡ ಸಭಾಂಗಣದಲ್ಲಿ ಕಪ್ಪು ಬಟ್ಟೆ ಹೊದಿಸಿದ ಕಟ್ಟೆಯ ಮೇಲೆ ಮೇರಿ ನಿಂತಳು. ಅವಳಿಗೆ 44 ವರ್ಷ. ಮೇಲಿನ ಕಪ್ಪು ಉಡುಪು ಕಳಚಿದಾಗ ಒಳಗೆ ಕೆಂಪು ಉಡುಪಿತ್ತು. ಕ್ಯಾಥೊಲಿಕರಲ್ಲಿ ಅದು ಧರ್ಮಕ್ಕಾಗಿ ಪ್ರಾಣ ಕೊಟ್ಟವರ ಬಣ್ಣ. ಕೊಡಲಿಯ ಮೊದಲ ಏಟು ತಪ್ಪಿತು. ಎಲ್ಲ ಮುಗಿದ ಮೇಲೆ ಅವಳ ಉಡುಪಿನ ಮರೆಯಿಂದ ಅವಳ ಪುಟ್ಟ ಸಾಕುನಾಯಿ ಹೊರಬಂದಿತೆಂದು ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಭಕ್ತರು ಪೂಜೆಗೆಂದು ಒಯ್ಯಬಾರದೆಂದು ರಕ್ತ ತಾಗಿದ ಬಟ್ಟೆಗಳನ್ನೆಲ್ಲ ಸುಟ್ಟರು. ಸೀಸದ ಪೆಟ್ಟಿಗೆಯಲ್ಲಿಟ್ಟ ಶವ ಸುಮಾರು ಆರು ತಿಂಗಳು ಕೋಟೆಯಲ್ಲೇ ಉಳಿದು, ಆಮೇಲೆ ಪೀಟರ್‌ಬರೋ ಚರ್ಚಿಗೆ ಹೋಯಿತು.

ಮಗ ಸೇಡು ತೀರಿಸಿಕೊಂಡನೇ?

ಎಲಿಜಬೆತ್ 1603ರಲ್ಲಿ ತೀರಿಕೊಂಡಾಗ ಇಂಗ್ಲೆಂಡಿನ ಪಟ್ಟ ಮೇರಿಯ ಮಗ ಜೇಮ್ಸ್‌ಗೆ ಬಂತು. 1612ರಲ್ಲಿ ಅವನು ತಾಯಿಯ ಶವವನ್ನು ಪೀಟರ್‌ಬರೋದಿಂದ ತೆಗೆಸಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಭವ್ಯ ಗೋರಿ ಕಟ್ಟಿಸಿದ. ಇದರ ಬೆನ್ನಿಗೇ ಕೋಟೆ ಕೆಡವಿಸಿದ ಕಥೆ ಹುಟ್ಟಿಕೊಂಡಿರಬೇಕು.

ದಾಖಲೆ ಬೇರೆಯೇ ಹೇಳುತ್ತದೆ. ಜೇಮ್ಸ್ ಸತ್ತದ್ದು 1625ರ ಮಾರ್ಚಿನಲ್ಲಿ. ಅದೇ ವರ್ಷ ನಡೆದ ಕೋಟೆಯ ಸಮೀಕ್ಷೆ ಅದನ್ನು ಎರಡು ಕಂದಕಗಳಿಂದ ಸುತ್ತುವರಿದ, ಕಲ್ಲಿನ ಭದ್ರ ಕಟ್ಟಡ ಎಂದು ವರ್ಣಿಸಿದೆ. ಇಪ್ಪತ್ತೆರಡು ವರ್ಷ ಇಂಗ್ಲೆಂಡಿನ ದೊರೆಯಾಗಿದ್ದವನು ಕೋಟೆಯ ಒಂದು ಗೋಡೆಯನ್ನೂ ಕೆಡವಿಸಿರಲಿಲ್ಲ. ತಾಯಿಯ ಮುಖವನ್ನು ಅವನು ಹಸುಗೂಸಾಗಿದ್ದಾಗ ನೋಡಿದ್ದೇ ಕೊನೆ. ಅವಳ ಮರಣದಂಡನೆಗೆ ಪ್ರತಿಭಟನೆ ಸೂಚಿಸಿದನೇ ಹೊರತು ಎಲಿಜಬೆತ್ ಜೊತೆಗಿನ ಒಪ್ಪಂದವನ್ನಾಗಲಿ, ಅವಳು ಕೊಡುತ್ತಿದ್ದ ವರ್ಷಾಶನವನ್ನಾಗಲಿ ಬಿಟ್ಟುಕೊಟ್ಟಿರಲಿಲ್ಲ.

ಕೋಟೆಯನ್ನು ತಿಂದದ್ದು ಸೇಡಲ್ಲ, ಲೆಕ್ಕಾಚಾರ. ಫಿರಂಗಿಗಳ ಕಾಲದಲ್ಲಿ ಇಂಥ ಕೋಟೆಯಿಂದ ಯುದ್ಧಕ್ಕೆ ಉಪಯೋಗವಿಲ್ಲ. ವಾಸಕ್ಕೆ ಅನುಕೂಲವಿಲ್ಲ. ಛಾವಣಿಯ ಸೀಸ, ತೊಲೆ, ಕೆತ್ತಿದ ಕಲ್ಲುಗಳಿಗೆ ಮಾತ್ರ ಒಳ್ಳೆಯ ಬೆಲೆ. 1625ರ ನಂತರದ ಸುಮಾರು ಹತ್ತು ವರ್ಷಗಳಲ್ಲಿ ಅದನ್ನು ಬಿಡಿಬಿಡಿಯಾಗಿ ಮಾರಲಾಯಿತು. ಹಳೆಯ ಹಸ್ತಪ್ರತಿಗಳ ಮಹಾಸಂಗ್ರಾಹಕ ರಾಬರ್ಟ್ ಕಾಟನ್, ಮೇರಿ ಸತ್ತ ಸಭಾಂಗಣದ ಕಲ್ಲುಗಳನ್ನು ಕೊಂಡು ಕಾನಿಂಗ್ಟನ್ನಿನ ತನ್ನ ಮನೆಗೆ ಸಾಗಿಸಿದ. ಇವನ ಗ್ರಂಥಸಂಗ್ರಹವೇ ಮುಂದೆ ಬ್ರಿಟಿಷ್ ಲೈಬ್ರರಿಯ ಅಡಿಪಾಯಗಳಲ್ಲೊಂದಾಯಿತು. ಪಕ್ಕದ ಔಂಡಲ್ ಪಟ್ಟಣದ ಟಾಲ್ಬಟ್ ಹೋಟೆಲಿನ ಮರದ ಮೆಟ್ಟಿಲುಗಳು ಈ ಕೋಟೆಯವು, ಮೇರಿ ಕೊನೆಯ ಬಾರಿ ಇಳಿದುಬಂದದ್ದು ಅವುಗಳ ಮೇಲೆಯೇ ಎಂದು ಜನರ ನಂಬಿಕೆ. ಉಳಿದ ಕಲ್ಲುಗಳು ಸುತ್ತಲಿನ ಕಟ್ಟಡಗಳ ಪಾಲಾದವು. ಹಾಳೂರಿಗೆ ಉಳಿದವನೇ ಗೌಡ ಎನ್ನುವಂತೆ, ನದಿಯ ಬಳಿ ಉಳಿದ ಒಂದೇ ಒಂದು ಕಲ್ಲುಗಾರೆಯ ಮುದ್ದೆ ಈಗ ಕೋಟೆಯ ಪ್ರತಿನಿಧಿ. ಅದರ ಸರಳುಗಳಿಗೆ ಮೇರಿಯ ಮತ್ತು ಮೂರನೆಯ ರಿಚರ್ಡನ ಹೆಸರಿನ ಫಲಕಗಳಿವೆ.

ಮಣ್ಣನ್ನು ಓದುವ ಬಗೆ

ಮಣ್ಣನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ದಿಬ್ಬವನ್ನು ಸಮತಟ್ಟು ಮಾಡಲು ತಗಲುವ ಕೂಲಿ, ಸಿಗುವ ಭೂಮಿಯ ಬೆಲೆಗಿಂತ ಹೆಚ್ಚು. ಹಾಗಾಗಿ ಮೊದಲು ಕಟ್ಟಿದ್ದೇ ಕೊನೆಗೂ ಉಳಿಯಿತು. ಇಂಗ್ಲೆಂಡಿನ ಎಷ್ಟೋ ಹಳ್ಳಿಗಳಲ್ಲಿ ಹೀಗೆ ಉಳಿದ ದಿಬ್ಬಗಳಿವೆ. ಫಾದರಿಂಗ್‌ಹೇಯ ದಿಬ್ಬ ಈಗ ಕಾನೂನಿನ ರಕ್ಷಣೆಯಲ್ಲಿರುವ ಸ್ಮಾರಕ.

ಇಂಥ ಜಾಗಗಳನ್ನು ಅಗೆಯದೆಯೂ ಓದುವ ವಿದ್ಯೆಯನ್ನು ಪುರಾತತ್ವಜ್ಞರು ಬೆಳೆಸಿಕೊಂಡಿದ್ದಾರೆ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಮಧ್ಯಾಹ್ನ ಕಾಣದ ಸಣ್ಣ ಏರುತಗ್ಗುಗಳೂ ನೆರಳಿನಿಂದ ಎದ್ದು ಕಾಣುತ್ತವೆ. ಮಳೆಯಿಲ್ಲದ ಬೇಸಿಗೆಯಲ್ಲಿ, ನೆಲದಡಿ ಗೋಡೆಯ ಬುನಾದಿ ಇರುವ ಕಡೆ ಹುಲ್ಲು ಬೇಗ ಒಣಗಿ ಹಳದಿಯಾಗುತ್ತದೆ. ಮುಚ್ಚಿಹೋದ ಕಂದಕದ ಮೇಲೆ ತೇವ ನಿಂತು ಹುಲ್ಲು ಹಸಿರಾಗಿಯೇ ಇರುತ್ತದೆ. ವಿಮಾನದಿಂದ ತೆಗೆದ ಚಿತ್ರದಲ್ಲಿ ಈ ಗೆರೆಗಳು ನಕಾಶೆಯಂತೆ ಮೂಡುತ್ತವೆ. ಮಣ್ಣಿನೊಳಗೆ ವಿದ್ಯುತ್ ಹಾಯಿಸಿ, ಅದು ಎಲ್ಲಿ ಸರಾಗವಾಗಿ ಹರಿಯುತ್ತದೆ, ಎಲ್ಲಿ ತಡೆಯುತ್ತದೆ ಎಂದು ಅಳೆದು ಹೂತ ಗೋಡೆಗಳನ್ನು ಪತ್ತೆಹಚ್ಚುವ ಉಪಕರಣಗಳೂ ಇವೆ.

ದಿಬ್ಬದ ಮೇಲೆ ಬೇಸಿಗೆಯಲ್ಲಿ ಮುಳ್ಳಿನ ಥಿಸಲ್ ಗಿಡಗಳು ಬೆಳೆಯುತ್ತವೆ. ಥಿಸಲ್ ಸ್ಕಾಟ್ಲೆಂಡಿನ ಲಾಂಛನ. ಸೆರೆಯಲ್ಲಿದ್ದ ಮೇರಿ ತಾಯ್ನಾಡಿನ ನೆನಪಿಗೆ ನೆಟ್ಟ ಗಿಡಗಳ ಸಂತಾನ ಇವು ಎಂದು ಊರಿನ ಕಥೆ, 'ಮೇರಿ ರಾಣಿಯ ಕಣ್ಣೀರು' ಎಂದು ಅವುಗಳಿಗೆ ಹೆಸರು. ಥಿಸಲ್ ಇಂಗ್ಲೆಂಡಿನ ಯಾವ ಬೀಳುಭೂಮಿಯಲ್ಲೂ ತಾನಾಗಿ ಬೆಳೆಯುವ ಕಳೆ. ಜೇಮ್ಸ್‌ನ ಸೇಡಿನ ಕಥೆಯಂತೆ ಇದಕ್ಕೂ ಆಧಾರವಿಲ್ಲ. ಆದರೂ ದಿಬ್ಬವೇರಿ ಬಂದವರು ಆ ಗಿಡಗಳ ಮುಂದೆ ಒಂದು ಕ್ಷಣ ನಿಲ್ಲದೆ ಇಳಿಯುವುದಿಲ್ಲ.